ಕ್ರೈಸ್ತ ಸಭೆಗಳಲ್ಲಿ ಸ್ತ್ರೀಯರ ಗುರುತ್ವಾಧಿಕಾರ

ಚನ್ನಗಿರಿ ಪಟ್ಟಣವು ಕೆಳದಿಯ ಚನ್ನಮ್ಮಾಜಿಯ ಹೆಸರನ್ನು ಹೊತ್ತಿದೆಯೆಂಬ ಪ್ರತೀತಿ ಆ ಭಾಗದಲ್ಲಿ ಬಲವಾಗಿದೆ. 1672ರಿಂದ 1697ರವರೆಗೆ ರಾಜ್ಯಭಾರ ಮಾಡಿದ ಆ ವೀರಶೈವ ರಾಣಿ ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತು, ಔರಂಗಜೇಬನ ಸೈನ್ಯವನ್ನು ಎದುರಿಸಿ ಕೀರ್ತಿಶಾಲಿನಿಯಾದಳು. ಆಕೆಯ ಸಿಂಹಾಸನಾಧಿಕಾರವನ್ನು ಪ್ರಜೆಗಳು ಒಪ್ಪಿ ನಡೆದರು. ಆಕೆಗಿಂತ ಒಂದು ಶತಮಾನ ಮೊದಲು ಇಂಗ್ಲೆಂಡಿನಲ್ಲಿ ಮೊದಲನೆಯ ಎಲಿಜಬೆತ್ ರಾಣಿ ಆಳುತ್ತಿದ್ದಳು. 1559ರ ಶಾಸನವೊಂದು ಆಕೆಯನ್ನು ಆ ದೇಶದ ಕ್ರೈಸ್ತ ಸಭೆಯ ಪರಮೋಚ್ಚ ಅಧಿಪತಿಯೆಂದು ಸಾರಿತು. ಬಿಷಪ್ಪರ ನೇಮಕವೂ ಆಕೆಯ ಕೈಯಲ್ಲಿತ್ತು. ಆದರೆ ಅದೇ ಸಭೆಯ ಅತಿ ಚಿಕ್ಕ ಹಳ್ಳಿಯ ದೇವಾಲಯದಲ್ಲಿ ಪ್ರಭುಭೋಜನದ ರೊಟ್ಟಿಯನ್ನೆತ್ತಿ ಪ್ರಾರ್ಥಿಸುವ ಅಧಿಕಾರ ಆಕೆಗಿರಲಿಲ್ಲ. ಆ ಅಧಿಕಾರ ಅಲ್ಲಿನ ಸ್ತ್ರೀಯರಿಗೆ ದೊರೆತದ್ದು 1994ರಲ್ಲಿ. ರಾಜದಂಡವನ್ನು ಹೆಣ್ಣಿನ ಕೈಗೆ ಕೊಡಲು ಹಿಂಜರಿಯದ ಸಮಾಜವು ಧರ್ಮದಂಡವನ್ನು ಕೊಡಲು ಇಷ್ಟು ಕಾಲ ಏಕೆ ಹಿಂಜರಿಯಿತೆಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಬಿಡಿಸಿಕೊಳ್ಳಲು ಮೊದಲು ಒಂದು ಭೇದವನ್ನು ತಿಳಿಯಬೇಕು. ಸಂಸ್ಕಾರವನ್ನು ಪಡೆಯುವ ಅಧಿಕಾರ ಒಂದು. ಅದನ್ನು ಇತರರಿಗೆ ನೀಡುವ ಅಧಿಕಾರ ಮತ್ತೊಂದು. ಮೊದಲನೆಯದರಲ್ಲಿ ಕ್ರೈಸ್ತಮತವು ಆರಂಭದಿಂದಲೂ ಗಂಡುಹೆಣ್ಣೆಂಬ ಭೇದವನ್ನೆಣಿಸಿಲ್ಲ. ಯೆಹೂದ್ಯರ ಸುನ್ನತಿಯು ಪುರುಷರಿಗೆ ಮಾತ್ರ ಮೀಸಲಾಗಿತ್ತು. ಅದರ ಸ್ಥಾನದಲ್ಲಿ ಬಂದ ದೀಕ್ಷಾಸ್ನಾನವು ಇಬ್ಬರಿಗೂ ಸಮಾನವಾಯಿತು. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ, ಗಂಡೆಂದೂ ಹೆಣ್ಣೆಂದೂ ಭೇದವಿಲ್ಲವೆಂದು ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಸಾರಿದುದು ಈ ದೀಕ್ಷಾಸ್ನಾನದ ಸಂದರ್ಭದಲ್ಲಿಯೇ. ವಿವಾದವಿರುವುದು ಎರಡನೆಯ ಅಧಿಕಾರದಲ್ಲಿ. ಸಭಾಪಾಲಕನ ಕರ್ತವ್ಯಗಳು ಮುಖ್ಯವಾಗಿ ಮೂರು: ವಾಕ್ಯೋಪದೇಶ, ಸಂಸ್ಕಾರಗಳ ನಿರ್ವಹಣೆ, ಸಭೆಯ ಪಾಲನೆ. ಬಿಷಪ್ಪನು ತಲೆಯ ಮೇಲೆ ಕೈಯಿಟ್ಟು ಮಾಡುವ ಅಭಿಷೇಕದಿಂದ ಈ ಅಧಿಕಾರ ಪ್ರಾಪ್ತವಾಗುತ್ತದೆ. ಆ ಹಸ್ತವು ಸ್ತ್ರೀಯ ಮಸ್ತಕದ ಮೇಲೆ ಇಳಿಯಬಹುದೇ ಎಂಬುದೇ ಪ್ರಕೃತ ವಿಷಯ.

ಬೇಡವೆನ್ನುವವರು ಮುಂದಿಡುವ ಶಾಸ್ತ್ರಾಧಾರಗಳಲ್ಲಿ ಎರಡು ಪ್ರಧಾನವಾದುವು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂಬ ವಿಧಿಯಿದೆ. ತಿಮೊಥೆಗೆ ಬರೆದ ಮೊದಲನೆಯ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಸ್ತ್ರೀಯು ಉಪದೇಶಿಸುವುದಕ್ಕೂ ಪುರುಷನ ಮೇಲೆ ಅಧಿಕಾರ ನಡೆಸುವುದಕ್ಕೂ ನಿಷೇಧವಿದೆ. ಇವು ಸ್ಪಷ್ಟವಾದ ಮಾತುಗಳೇ ಸರಿ. ಆದರೆ ಕೊರಿಂಥದವರ ಅದೇ ಪತ್ರಿಕೆಯ 11ನೆಯ ಅಧ್ಯಾಯವು ಸಭೆಯಲ್ಲಿ ಪ್ರಾರ್ಥಿಸುವ, ಪ್ರವಾದನೆ ಮಾಡುವ ಸ್ತ್ರೀಯು ತಲೆಯ ಮೇಲೆ ಮುಸುಕು ಹಾಕಿಕೊಳ್ಳಬೇಕೆಂದು ಹೇಳುತ್ತದೆ. ಮಾತನಾಡಲೇ ಕೂಡದವಳಿಗೆ ಹೇಗೆ ಮಾತನಾಡಬೇಕೆಂಬ ನಿಯಮವೇಕೆ? ಒಂದೇ ಕೃತಿಯೊಳಗಿನ ಈ ವಿರೋಧವನ್ನು ಪರಿಹರಿಸಲು ವ್ಯಾಖ್ಯಾನಕಾರರು ಬಹಳ ಶ್ರಮಪಟ್ಟಿದ್ದಾರೆ.

ಸಾಹಿತ್ಯವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಮೌನವನ್ನು ವಿಧಿಸುವ ಆ ಎರಡು ವಾಕ್ಯಗಳು ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ 33ನೆಯ ವಾಕ್ಯದ ತರುವಾಯ ಬರದೆ, ಅಧ್ಯಾಯದ ಕೊನೆಯಲ್ಲಿ, 40ನೆಯ ವಾಕ್ಯದ ಮುಂದೆ ಬರುತ್ತವೆ. ಯಾರೋ ಓದುಗರು ಅಂಚಿನಲ್ಲಿ ಬರೆದಿಟ್ಟ ಟಿಪ್ಪಣಿಯನ್ನು ಲಿಪಿಕಾರರು ಒಬ್ಬೊಬ್ಬರು ಒಂದೊಂದು ಕಡೆ ಮೂಲದೊಳಕ್ಕೆ ಸೇರಿಸಿದರೆಂದು ಹಲವರು ವಿದ್ವಾಂಸರು ಊಹಿಸಿದ್ದಾರೆ. ವಚನಗಳ ತಾಳೆಗರಿಗಳನ್ನು ಕೈಯಲ್ಲಿ ಹಿಡಿದು ಪಾಠಾಂತರ, ಪ್ರಕ್ಷಿಪ್ತಗಳ ಗೊಂದಲವನ್ನು ಕಂಡವರಿಗೆ ಈ ಊಹೆ ಅಸಂಭವವೆಂದು ತೋರದು. ಆದರೂ ಆ ವಾಕ್ಯಗಳು ಸಂಪೂರ್ಣವಾಗಿ ಇಲ್ಲದ ಹಸ್ತಪ್ರತಿಯೊಂದೂ ದೊರೆತಿಲ್ಲವಾದ್ದರಿಂದ ಇದನ್ನು ಸಿದ್ಧಾಂತವೆನ್ನುವಂತಿಲ್ಲ, ಊಹೆಯೆಂದೇ ಎಣಿಸಬೇಕು.

ಇನ್ನೊಂದು ನಿದರ್ಶನ ಇದಕ್ಕಿಂತ ದೃಢವಾದುದು. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಪೌಲನು ಅನೇಕ ಸಹಕಾರಿಗಳನ್ನು ಹೆಸರಿಸಿ ವಂದನೆ ಹೇಳಿದ್ದಾನೆ. ಅವರಲ್ಲಿ ಯೂನ್ಯ ಎಂಬಾಕೆ ಅಪೊಸ್ತಲರ ಗುಂಪಿನಲ್ಲಿ ಹೆಸರಾದವಳು. ಕ್ರಿ.ಶ. 407ರಲ್ಲಿ ತೀರಿಕೊಂಡ ಜಾನ್ ಕ್ರಿಸೊಸ್ತಮನು ಆಕೆಯನ್ನು ಅಪೊಸ್ತಲೆಯೆಂದೇ ಕೊಂಡಾಡಿದ್ದಾನೆ. ಮುಂದಿನ ಶತಮಾನಗಳಲ್ಲಿ ಮಾತ್ರ, ಅಪೊಸ್ತಲಪದವಿಯಲ್ಲಿ ಹೆಣ್ಣಿರಲಾರಳೆಂಬ ಭಾವನೆಯಿಂದ, ಆ ಹೆಸರಿನ ಮೇಲಿನ ಸ್ವರಚಿಹ್ನೆಯನ್ನು ಬದಲಾಯಿಸಿ ಆಕೆಯನ್ನು ‘ಯೂನ್ಯಾಸ್’ ಎಂಬ ಪುರುಷನನ್ನಾಗಿ ಓದುವ ಪದ್ಧತಿ ಬಂದಿತು. ಆ ರೂಪದ ಪುರುಷನಾಮವು ಪ್ರಾಚೀನ ಗ್ರೀಕ್ ಶಾಸನಗಳಲ್ಲಿ ಕಾಣಸಿಗುವುದಿಲ್ಲವೆಂದು ತಿಳಿದುಬಂದ ಮೇಲೆ ಇಂದಿನ ಸಂಪಾದಕರು ಆಕೆಯನ್ನು ಮತ್ತೆ ಸ್ತ್ರೀಯಾಗಿ ಸ್ವೀಕರಿಸಿದ್ದಾರೆ. ಅದೇ ಅಧ್ಯಾಯದ ಮೊದಲಲ್ಲಿ ಬರುವ ಫೊಯಿಬೆಯ ವಿಷಯದಲ್ಲಿ ಭಾಷಾಂತರದ ತೊಡಕಿದೆ. ಆಕೆಗೆ ಪೌಲನು ಬಳಸಿದ ಶಬ್ದವನ್ನೇ ತನಗೂ ಬೇರೆ ಪುರುಷರಿಗೂ ಬಳಸಿದ್ದಾನೆ. ಗ್ರೀಕಿನಲ್ಲಿ ಅಲ್ಲಿ ಲಿಂಗಸೂಚನೆಯ ಪ್ರತ್ಯಯ ಬೇರೆಯಿಲ್ಲ. ಭಾಷಾಂತರಕಾರರು ಪುರುಷರಿಗೆ ಪದವಿಯ ಹೆಸರನ್ನು ಕೊಟ್ಟು ಫೊಯಿಬೆಯನ್ನು ಬರಿಯ ಸೇವಕಿಯನ್ನಾಗಿ ಮಾಡಿದುದು ಹಲವು ಭಾಷೆಗಳಲ್ಲಿ ಕಂಡುಬರುತ್ತದೆ.

ಶಾಸ್ತ್ರವಾಕ್ಯಗಳ ಜೊತೆಗೆ ಸೂತಕದ ಭಾವನೆಯೂ ಈ ನಿಷೇಧದ ಹಿಂದೆ ಕೆಲಸ ಮಾಡಿತು. ಹಳೆಯ ಒಡಂಬಡಿಕೆಯ ಯಾಜಕಕಾಂಡದಲ್ಲಿ ರಜಸ್ಸೂತಕ, ಪ್ರಸವಸೂತಕಗಳ ವಿವರವಾದ ನಿಯಮಗಳಿವೆ. ಅವು ಕ್ರೈಸ್ತ ಸಭೆಗಳ ಆಚಾರದೊಳಗೂ ನುಸುಳಿ, ಮುಟ್ಟಾದ ಸ್ತ್ರೀಯು ಪರಮಪ್ರಸಾದವನ್ನು ಸ್ವೀಕರಿಸಬಾರದೆಂಬ ಕಟ್ಟಳೆ ಪೂರ್ವ ಪಶ್ಚಿಮಗಳೆರಡರಲ್ಲಿಯೂ ಅಲ್ಲಲ್ಲಿ ರೂಢಿಯಾಯಿತು. ಸುಮಾರು ಕ್ರಿ.ಶ. 600ರಲ್ಲಿ ಪೋಪ್ ಮೊದಲನೆಯ ಗ್ರೆಗರಿಯು ಅಂಥ ಸ್ತ್ರೀಯನ್ನು ದೇವಾಲಯದಿಂದ ಹೊರಗಿಡಕೂಡದೆಂದು ಉತ್ತರ ಬರೆದನೆಂದು ಇಂಗ್ಲೆಂಡಿನ ಇತಿಹಾಸಕಾರ ಬೀಡನು ದಾಖಲಿಸಿದ್ದಾನೆ. ಆದರೂ ರೂಢಿಯು ಪೋಪನ ಮಾತಿಗಿಂತ ಬಲವಾಗಿತ್ತು. ಪಂಚಸೂತಕಗಳನ್ನು ತಳ್ಳಿಹಾಕಿದ ಶರಣಧರ್ಮದ ವಾಚಕರಿಗೆ ಈ ಅಂಶದ ಮಹತ್ವವನ್ನು ವಿವರಿಸಿ ಹೇಳಬೇಕಾಗಿಲ್ಲ.

ರೋಮನ್ ಕಥೋಲಿಕ ಸಭೆಯು ಇಂದು ತನ್ನ ನಿಲುವಿಗೆ ಸೂತಕವನ್ನು ಆಧಾರವಾಗಿ ಹೇಳುವುದಿಲ್ಲ. 1976ರ ವ್ಯಾಟಿಕನ್ ಘೋಷಣೆಯೂ 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಹೊರಡಿಸಿದ ಪತ್ರವೂ ಮುಖ್ಯವಾಗಿ ಹೇಳುವುದಿಷ್ಟು: ಯೇಸುವು ಹನ್ನೆರಡು ಮಂದಿ ಪುರುಷರನ್ನೇ ಅಪೊಸ್ತಲರನ್ನಾಗಿ ಆರಿಸಿದನು, ಸಭೆಯು ಆ ಪರಂಪರೆಯನ್ನು ಎಡೆಬಿಡದೆ ಪಾಲಿಸಿದೆ, ಆದ್ದರಿಂದ ಸ್ತ್ರೀಯರಿಗೆ ಯಾಜಕದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲ. 1976ರ ಘೋಷಣೆಯು ಇದರೊಡನೆ, ಬಲಿಪೂಜೆಯಲ್ಲಿ ಯಾಜಕನು ಕ್ರಿಸ್ತನ ಪ್ರತಿರೂಪವಾಗಿ ನಿಲ್ಲುವುದರಿಂದ ಆತನು ಪುರುಷನಾಗಿರಬೇಕೆಂಬ ಯುಕ್ತಿಯನ್ನೂ ಸೇರಿಸಿದೆ. ಇದರಿಂದ ಸ್ತ್ರೀಯು ಕೀಳೆಂದಾಗುವುದಿಲ್ಲ, ಯೇಸುವಿನ ತಾಯಿಯೇ ಅಪೊಸ್ತಲಳಾಗಿರಲಿಲ್ಲವೆಂದು ಅವರ ಸಮಾಧಾನ. ಆ ಹನ್ನೆರಡು ಮಂದಿ ಪುರುಷರಾಗಿದ್ದಂತೆ ಯೆಹೂದ್ಯರೂ ಆಗಿದ್ದರು. ಅನ್ಯಜನರಿಗೆ ಯಾಜಕತ್ವ ಕೊಡಲು ಅಡ್ಡಿಯಾಗದುದು ಸ್ತ್ರೀಗೆ ಮಾತ್ರ ಹೇಗೆ ಅಡ್ಡಿಯಾಗುತ್ತದೆಂದು ಪ್ರತಿವಾದಿಗಳು ಕೇಳುತ್ತಾರೆ. ಈ ಪ್ರಶ್ನೆಗೆ ಸಮರ್ಪಕವಾದ ಉತ್ತರ ಬಂದಿದೆಯೆಂದು ಹೇಳುವುದು ಕಷ್ಟ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನೊಳಗೊಂಡ ದಾವಣಗೆರೆ ಜಿಲ್ಲೆಯ ಕಥೋಲಿಕರು 1988ರಲ್ಲಿ ರಚಿತವಾದ ಶಿವಮೊಗ್ಗ ಧರ್ಮಪ್ರಾಂತಕ್ಕೆ ಸೇರಿದವರು. ಹೊನ್ನಾಳಿಯಿಂದ ಹೊಳೆಯ ಹಾದಿಯಲ್ಲಿ ಕೆಳಗಿರುವ ಹರಿಹರದ ಆರೋಗ್ಯಮಾತೆಯ ದೇವಾಲಯವು ಬೆಸಿಲಿಕವೆಂಬ ಗೌರವ ಪಡೆದ ಕ್ಷೇತ್ರ. ಸೆಪ್ಟೆಂಬರ್ 8ರ ಹಬ್ಬಕ್ಕೆ ಮತಭೇದವಿಲ್ಲದೆ ಜನರು ಅಲ್ಲಿ ನೆರೆಯುತ್ತಾರೆ. ಪೂಜೆಗೊಳ್ಳುವ ಮೂರ್ತಿ ತಾಯಿಯದು. ಹರಕೆ ಹೊತ್ತು ಬರುವವರಲ್ಲಿ ತಾಯಂದಿರೇ ಹೆಚ್ಚು. ಶಾಲೆ ಆಸ್ಪತ್ರೆಗಳನ್ನು ನಡೆಸುವವರು ಕನ್ಯಾಸ್ತ್ರೀಯರು. ಬಲಿಪೀಠದ ಹಿಂದೆ ನಿಂತು ಪೂಜೆ ಅರ್ಪಿಸುವವರು ಮಾತ್ರ ಪುರುಷರು. 1973ರಿಂದ ಕನ್ಯಾಸ್ತ್ರೀಯರಿಗೂ ಗೃಹಸ್ಥ ಭಕ್ತರಿಗೂ ಅಗತ್ಯವಿದ್ದಲ್ಲಿ ಪರಮಪ್ರಸಾದವನ್ನು ಹಂಚುವ ಅನುಮತಿ ದೊರೆಯುವಂತಾಯಿತು. 2021ರಲ್ಲಿ ಪೋಪ್ ಫ್ರಾನ್ಸಿಸರು ವಾಚಕ, ಪೀಠಸೇವಕರೆಂಬ ಕಿರಿಯ ಪದವಿಗಳನ್ನು ಸ್ತ್ರೀಯರಿಗೂ ತೆರೆದರು. ಹಂಚುವುದಕ್ಕೆ ಅಡ್ಡಿಯಿಲ್ಲ, ಪವಿತ್ರೀಕರಿಸುವುದಕ್ಕೆ ಅಧಿಕಾರವಿಲ್ಲ ಎಂಬಲ್ಲಿಗೆ ಗೆರೆ ಬಂದು ನಿಂತಿದೆ.

ಪ್ರಾಟೆಸ್ಟೆಂಟರಲ್ಲಿ ಗೆರೆ ಮೊದಲೇ ಅಳಿಸಲಾರಂಭಿಸಿತು. 1853ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಹಳ್ಳಿಯೊಂದರ ಸಭೆಯು ಆಂಟನೆಟ್ ಬ್ರೌನ್ ಎಂಬಾಕೆಯನ್ನು ತನ್ನ ಪಾಲಕಿಯನ್ನಾಗಿ ಅಭಿಷೇಕಿಸಿತು. ಆದರೆ ಬಿಷಪ್ಪರ ಪರಂಪರೆಯನ್ನುಳಿಸಿಕೊಂಡ ಆಂಗ್ಲಿಕನ್ ಸಭೆಗಳಲ್ಲಿ ಬಾಗಿಲು ತೆರೆದುದು ತರ್ಕದಿಂದಲ್ಲ, ಯುದ್ಧದ ಸಂಕಟದಿಂದ. ಎರಡನೆಯ ಮಹಾಯುದ್ಧದಲ್ಲಿ ಹಾಂಗ್‌ಕಾಂಗನ್ನು ಜಪಾನೀಯರು ಆಕ್ರಮಿಸಿದಾಗ ಮಕಾವ್ ಪಟ್ಟಣದ ಕ್ರೈಸ್ತರಿಗೆ ಯಾಜಕರು ಬರುವ ದಾರಿ ಮುಚ್ಚಿತು. ಅಲ್ಲಿ ಫ್ಲಾರೆನ್ಸ್ ಲೀ ಟಿಮ್-ಓಯ್ ಎಂಬ ಚೀನೀ ಮಹಿಳೆ ಸಭಾಸೇವಕಿಯಾಗಿ ನಿರಾಶ್ರಿತರ ನಡುವೆ ದುಡಿಯುತ್ತಿದ್ದರು. ಸಂಸ್ಕಾರವಿಲ್ಲದೆ ಜನರು ಬಳಲುವುದನ್ನು ಕಂಡ ಬಿಷಪ್ ಹಾಲ್ ಅವರು 1944ರ ಜನವರಿ 25ರಂದು ಆಕೆಗೆ ಪೂರ್ಣಯಾಜಕದೀಕ್ಷೆ ಕೊಟ್ಟರು. ಯುದ್ಧ ಮುಗಿದ ಮೇಲೆ ದೊಡ್ಡ ಗದ್ದಲವೆದ್ದಿತು. ಬಿಷಪ್ಪರಿಗೆ ತೊಂದರೆಯಾಗಬಾರದೆಂದು 1946ರಲ್ಲಿ ಆಕೆ ಯಾಜಕಕಾರ್ಯದ ಅನುಮತಿಪತ್ರವನ್ನು ಹಿಂದಿರುಗಿಸಿದರು. ಆದರೆ ಪಡೆದ ದೀಕ್ಷೆಯನ್ನು ತ್ಯಜಿಸಲಿಲ್ಲ. ಆ ದೀಕ್ಷೆಗೆ ಮನ್ನಣೆ ದೊರೆಯಲು ಆಕೆ ಕಾಲು ಶತಮಾನ ಕಾಯಬೇಕಾಯಿತು. 1971ರಲ್ಲಿ ಹಾಂಗ್‌ಕಾಂಗಿನಲ್ಲಿಯೇ ಇಬ್ಬರು ಮಹಿಳೆಯರಿಗೆ ವಿಧಿಪೂರ್ವಕವಾಗಿ ದೀಕ್ಷೆಯಾಯಿತು. 1994ರ ಮಾರ್ಚ್ 12ರಂದು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 32 ಮಂದಿ ಸ್ತ್ರೀಯರು ಯಾಜಕರಾದರು. 2025ರಲ್ಲಿ ಸಾರಾ ಮುಲಾಲಿ ಎಂಬ ಮಹಿಳೆಯ ಹೆಸರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಪದವಿಗೆ ಪ್ರಕಟವಾಯಿತು.

ಕನ್ನಡನಾಡಿನ ಪ್ರಾಟೆಸ್ಟೆಂಟರಲ್ಲಿ ಬಹುಭಾಗವು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಉದ್ಘಾಟಿತವಾದ ದಕ್ಷಿಣ ಭಾರತ ಸಭೆಗೆ ಸೇರಿದೆ. ಆಂಗ್ಲಿಕನ್, ಮೆಥೊಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಎಂಬ ಭಿನ್ನ ಪರಂಪರೆಗಳು ಒಂದಾದ ಸಭೆಯಿದು. ಇಂಥ ಐಕ್ಯದಲ್ಲಿ ಯಾರ ಮನಸ್ಸೂ ನೋಯದಂತೆ ನಡೆಯುವುದು ಅನಿವಾರ್ಯ. ಮೊದಲ ದಶಕಗಳಲ್ಲಿ ಸ್ತ್ರೀಯರಿಗೆ ದೊರೆತುದು ಸೇವೆಯ ಅವಕಾಶ, ಪದವಿಯಲ್ಲ. 1952ರಲ್ಲಿ ಕ್ಯಾರಲ್ ಗ್ರಹಾಂ ಅವರ ನೇತೃತ್ವದಲ್ಲಿ ಸಹೋದರಿಯರ ಸಂಘವೊಂದು ಸ್ಥಾಪಿತವಾಗಿ ಬೆಂಗಳೂರಿನ ವಿಶ್ರಾಂತಿ ನಿಲಯವು ಅದರ ಕೇಂದ್ರವಾಯಿತು. ಮುಂದೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಸಭೆಯು ಸ್ತ್ರೀಯರಿಗೆ ಸಭಾಪಾಲಕದೀಕ್ಷೆ ಕೊಡಲಾರಂಭಿಸಿತು. 2013ರ ಸೆಪ್ಟೆಂಬರಿನಲ್ಲಿ ಆಂಧ್ರದ ನಂದ್ಯಾಲ ಪ್ರಾಂತಕ್ಕೆ ಎಗ್ಗೋನಿ ಪುಷ್ಪಲಲಿತಾ ಅವರು ಬಿಷಪ್ಪರಾದರು. ಇಂಗ್ಲೆಂಡಿನ ಸಭೆಗೆ ಮೊದಲ ಸ್ತ್ರೀ ಬಿಷಪ್ ದೊರೆತುದು 2015ರಲ್ಲಿ ಎಂಬುದನ್ನು ನೆನೆದರೆ, ಈ ಒಂದು ವಿಷಯದಲ್ಲಿ ಶಿಷ್ಯಸಭೆಯು ಗುರುಸಭೆಗಿಂತ ಮುಂದೆ ಹೋಯಿತೆನ್ನಬೇಕು.

ನಿಯಮ ಬದಲಾದೊಡನೆ ಮನಸ್ಸು ಬದಲಾಗುವುದಿಲ್ಲವೆಂಬುದೂ ಸತ್ಯ. ಮಿಷನರಿಗಳ ಕಾಲದಲ್ಲಿ ‘ಬೈಬಲ್ ಸ್ತ್ರೀ’ಯರೆಂಬ ಕೆಲಸಗಾರ್ತಿಯರಿದ್ದರು. ಓದುಬರಹ ಬಲ್ಲ ಇವರಲ್ಲಿ ವಿಧವೆಯರು ಹಲವರು. ಪುರುಷ ಉಪದೇಶಿಗಳಿಗೆ ಪ್ರವೇಶವಿಲ್ಲದ ಒಳಮನೆಗಳಿಗೆ ಹೋಗಿ ಓದು ಕಲಿಸಿದರು, ಬಾಣಂತಿಯರನ್ನು ವಿಚಾರಿಸಿದರು, ಸತ್ತವರ ಮನೆಯಲ್ಲಿ ಪ್ರಾರ್ಥಿಸಿದರು. ಸಭಾಪಾಲನೆಯ ಮೂರು ಕರ್ತವ್ಯಗಳಲ್ಲಿ ಎರಡನ್ನು ಇವರು ಮಾಡುತ್ತಲೇ ಇದ್ದರು. ಹೆಸರು ಮಾತ್ರ ಇರಲಿಲ್ಲ. ಒಬ್ಬ ಸಭಾಪಾಲಕನು ಹಲವು ಹಳ್ಳಿಗಳ ಸಭೆಗಳನ್ನು ನೋಡಿಕೊಳ್ಳುವ ಬಯಲುಸೀಮೆಯ ಪರಿಸ್ಥಿತಿಯಲ್ಲಿ ಆತನ ಸರದಿ ಬರುವವರೆಗೂ ಪ್ರಭುಭೋಜನವು ಕಾಯಬೇಕು, ಹುಟ್ಟಿದ ಮಗುವಿನ ದೀಕ್ಷಾಸ್ನಾನ ಕಾಯಬೇಕು. ಮಕಾವಿನಲ್ಲಿ ಯುದ್ಧವು ತಂದೊಡ್ಡಿದ ಪ್ರಶ್ನೆಯನ್ನು ಇಲ್ಲಿ ದೂರ ಮತ್ತು ಬಡತನಗಳು ತಂದೊಡ್ಡುತ್ತವೆ.

ವೀರಶೈವದ ಕಡೆಗೆ ತಿರುಗಿದರೆ ಚಿತ್ರ ಬೇರೆಯೂ ಹೌದು, ಅದೇ ಹೌದು. ಅಕ್ಕಮಹಾದೇವಿಯ ಉಡುತಡಿಯಿರುವ ಶಿಕಾರಿಪುರದ ಸೀಮೆ ನ್ಯಾಮತಿ ಹೊನ್ನಾಳಿಗಳಿಗೆ ನೆರೆಯದು. ಇಷ್ಟಲಿಂಗದೀಕ್ಷೆಯಲ್ಲಿ ಸ್ತ್ರೀಪುರುಷರಿಗೆ ಭೇದವಿಲ್ಲ. ಅನುಭವಮಂಟಪದಲ್ಲಿ ಅಲ್ಲಮನು ಒಡ್ಡಿದ ಪರೀಕ್ಷೆಯಲ್ಲಿ ಗೆದ್ದ ಮಹಾದೇವಿಯನ್ನು ಶರಣರೆಲ್ಲರೂ ಅಕ್ಕನೆಂದು ಗೌರವಿಸಿದುದನ್ನು ಶೂನ್ಯಸಂಪಾದನೆ ಚಿತ್ರಿಸುತ್ತದೆ. ಆದರೆ ಅನುಭಾವದಲ್ಲಿ ಮನ್ನಣೆ ಪಡೆದವಳ ಸೋದರಿಯರು ಪೀಠವೇರಲು ಎಂಟು ಶತಮಾನಗಳು ಬೇಕಾದುವು. 1970ರಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ಮಾತೆ ಮಹಾದೇವಿಯವರು ಧಾರವಾಡದಲ್ಲಿ ಜಗದ್ಗುರುಪೀಠವನ್ನೇರಿದಾಗ ಅದು ಅಭೂತಪೂರ್ವ ಘಟನೆಯೆನಿಸಿತು. ಅವರ ವಿಚಾರಗಳೊಡನೆ ಭಿನ್ನಾಭಿಪ್ರಾಯವಿದ್ದವರೂ ಅದನ್ನು ಅಲ್ಲಗಳೆಯಲಿಲ್ಲ. 2019ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಪೀಠಕ್ಕೆ ಬಂದವರೂ ಮಹಿಳೆಯೇ. ಹಳೆಯ ಗುರುಪರಂಪರೆಯ ಮಠಗಳಲ್ಲಿ ಪಟ್ಟಾಧಿಕಾರವು ಇಂದಿಗೂ ಪುರುಷರದು. ಪಡೆಯುವ ಅಧಿಕಾರಕ್ಕೂ ನೀಡುವ ಅಧಿಕಾರಕ್ಕೂ ನಡುವಿನ ಅಂತರವು ಕ್ರೈಸ್ತರಿಗೆ ಮಾತ್ರ ಸಂಬಂಧಿಸಿದ್ದಲ್ಲ.

ಕೊನೆಗೆ ಸಂಬೋಧನೆಯ ಒಂದು ಮಾತು. ಕನ್ನಡ ಕ್ರೈಸ್ತರಲ್ಲಿ ಸಭಾಪಾಲಕರನ್ನು ‘ಅಯ್ಯನವರು’ ಎನ್ನುವ ವಾಡಿಕೆಯಿದೆ. ಜಂಗಮರಿಗೂ ಈ ನಾಡಿನಲ್ಲಿ ಅದೇ ಹೆಸರು. ಅಯ್ಯನವರ ಪತ್ನಿ ಸಹಜವಾಗಿ ‘ಅಮ್ಮನವರು’. ಈಗ ಸ್ವತಃ ದೀಕ್ಷೆ ಪಡೆದು ಬಂದ ಮಹಿಳೆಯನ್ನೂ ಜನರು ‘ಅಮ್ಮನವರು’ ಎಂದೇ ಕರೆಯುತ್ತಾರೆ. ಹೊಸಬರು ಇವರನ್ನು ಅಯ್ಯನವರ ಪತ್ನಿಯೆಂದೇ ತಿಳಿಯುವುದುಂಟು. ‘ಸಭಾಪಾಲಕಿ’ ಎಂಬ ಶಬ್ದ ಬರಹದಲ್ಲಿದೆ, ಬಾಯಿಗೆ ಇನ್ನೂ ಪೂರ್ತಿ ಒಗ್ಗಿಲ್ಲ.