ಡ್ರೋನ್ ವಿಡಿಯೊ ಜರ್ಕ್ ಹೊಡೆಯುತ್ತಿದೆಯೇ? ಹೆಬ್ಬೆರಳು ಪಳಗಲಿ

ಮದುವೆ ಮನೆಯ ಡ್ರೋನ್ ಶಾಟ್ ಜರ್ಕ್ ಹೊಡೆದರೆ ನಮ್ಮ ಹುಡುಗರು ದೂರುವುದು ಗಾಳಿಯನ್ನು. ಸಣ್ಣ ಗಾಳಿಯ ಅಲುಗಾಟವನ್ನು ಗಿಂಬಲ್ಲೇ ಸರಿಪಡಿಸುತ್ತದೆ. ತಪ್ಪು ಹೆಚ್ಚಾಗಿ ಎಡ ಹೆಬ್ಬೆರಳಿನದ್ದು. ಸಾಮಾನ್ಯವಾಗಿ ಬಳಸುವ ಮೋಡ್ 2ರಲ್ಲಿ ಏರಿಳಿತ, ತಿರುಗುವಿಕೆ ಎರಡೂ ಎಡ ಸ್ಟಿಕ್‌ನಲ್ಲೇ ಇವೆ. ತೋರುಬೆರಳನ್ನೂ ಸೇರಿಸಿ ಚಿಟಿಕೆಯಂತೆ ಹಿಡಿದರೆ ಹಿಡಿತ ಸಿಗುತ್ತದೆ. ಸ್ಟಿಕ್ಕನ್ನು ತಟ್ಟನೆ ಬಿಡಬೇಡಿ, ಮೆಲ್ಲ ನಡುವಿಗೆ ತನ್ನಿ. ಎಷ್ಟೋ ಒಳ್ಳೆಯ ಶಾಟ್ ಕೆಡುವುದು ನಿಲ್ಲಿಸುವಾಗಲೇ. ಸಿನಿ ಮೋಡ್ ವೇಗ ತಗ್ಗಿಸುತ್ತದೆ, ಆದರೆ ಬೆರಳಿಗೆ ಪಾಠ ಕಲಿಸುವುದಿಲ್ಲ.

ಅಭ್ಯಾಸಕ್ಕೆ ಖಾಲಿ ಮೈದಾನದ ನಡುವೆ ಒಂದು ಚೀಲ ಇಡಿ. ಬಲ ಸ್ಟಿಕ್ ಬಲಕ್ಕೆ, ಎಡ ಸ್ಟಿಕ್ ಎಡಕ್ಕೆ ತುಸುವೇ ತಳ್ಳಿ, ಚೀಲ ಸ್ಕ್ರೀನಿನ ನಡುವಲ್ಲೇ ಉಳಿಯುವಂತೆ ಸುತ್ತು ಹೊಡೆಸಿ. ಆಮೇಲೆ ದಿಕ್ಕು ಬದಲಿಸಿ. ಎರಡನೆಯದೇ ಕಷ್ಟ.