ಹೊಸ ಗಿಳಿ: ಸ್ವಭಾವವಾವುದು, ವ್ಯಾಧಿಯಾವುದು?

ಗಿಳಿಗೂ ನಮ್ಮ ಮನೆಗಳಿಗೂ ಇರುವ ನಂಟು ಬಹು ಹಳೆಯದು. ಬೆಂಗಳೂರಿನ ಪಶ್ಚಿಮದಲ್ಲಿರುವ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮೊದಲಾದ ಬಡಾವಣೆಗಳಲ್ಲಿ ಹಿತ್ತಿಲೆಂಬುದು ಕಾಣೆಯಾಗಿ ನಾಲ್ಕಡಿ ಬಾಲ್ಕನಿಯಷ್ಟೇ ಉಳಿದಿರುವ ಮನೆಗಳಲ್ಲಿಯೂ ಪಂಜರವೊಂದಕ್ಕೆ ಸ್ಥಳ ದೊರೆಯುತ್ತದೆ. ಆದರೆ ಹಕ್ಕಿಯನ್ನು ತಂದ ಮೊದಲ ವಾರದಲ್ಲಿಯೇ ಮನೆಮಂದಿಗೆ ಚಿಂತೆ ಹತ್ತುವುದು. ಅದು ಒಂಟಿಕಾಲಲ್ಲಿ ನಿಂತರೂ ಭಯ, ಸೀನಿದರೂ ಭಯ. ಹೀಗೆ ಭಯಪಡಬೇಕಾದುದಕ್ಕೂ ಭಯಪಡಬೇಕಾಗಿಲ್ಲದುದಕ್ಕೂ ಇರುವ ಅಂತರವನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲಿಗೆ ಒಂದು ಮಾತು. ಮರದ ಪೊಟರೆಗಳಲ್ಲಿ ಗೂಡುಮಾಡುವ ನಮ್ಮ ನಾಡಿನ ಹಸುರು ಗಿಳಿಯನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ ವಿರುದ್ಧವಾದುದು. ಮಳೆಗಾಳಿಗೆ ಅದರ ಮರಿಯು ನೆಲಕ್ಕೆ ಬಿದ್ದು ಸಿಕ್ಕಿದರೆ ಸಾಕಲು ಹೊರಡದೆ, ಕೆಂಗೇರಿಯಲ್ಲಿರುವ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಗೆ ಒಪ್ಪಿಸುವುದೇ ಧರ್ಮ. ಆಫ್ರಿಕದ ಬೂದುಗಿಳಿ, ಮಕಾ ಮುಂತಾದ ಪರದೇಶದ ದೊಡ್ಡ ಗಿಳಿಗಳನ್ನು ತರುವವರು 2024ನೆಯ ಇಸವಿಯ ನಿಯಮಗಳಂತೆ ಅವನ್ನು ಸರ್ಕಾರದಲ್ಲಿ ನೋಂದಾಯಿಸತಕ್ಕದ್ದು. ನಾವು ಇಲ್ಲಿ ಹೇಳುವುದು ವಿಶೇಷವಾಗಿ ಆಸ್ಟ್ರೇಲಿಯಾ ಮೂಲದ ಎರಡು ಸಣ್ಣ ಗಿಳಿಗಳ ವಿಷಯ: ಪೇಟೆಯಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಬಡ್ಜರಿಗಾರ್ ಒಂದು, ತಲೆಯ ಮೇಲೆ ಜುಟ್ಟುಳ್ಳ ಕಾಕಟೀಲ್ ಮತ್ತೊಂದು.

ಗಿಳಿಯು ತನ್ನ ರೋಗವನ್ನು ಬಚ್ಚಿಡುವ ಪ್ರಾಣಿ. ಕಾಡಿನಲ್ಲಿ ಹಿಂಡಿನೊಳಗೆ ಸೊರಗಿದ ಹಕ್ಕಿಯ ಮೇಲೆಯೇ ಗಿಡುಗದ ಕಣ್ಣು ಮೊದಲು ಬೀಳುವುದರಿಂದ, ಕೈಲಾಗುವವರೆಗೂ ಆರೋಗ್ಯವಂತನಂತೆ ನಟಿಸುವುದು ಅದರ ಹುಟ್ಟುಗುಣ. ಆದುದರಿಂದ ಹಕ್ಕಿಯು ಕಾಯಿಲೆಯದೆಂದು ನಮ್ಮ ಕಣ್ಣಿಗೆ ಸ್ಪಷ್ಟವಾಗಿ ತೋರುವ ವೇಳೆಗೆ ವ್ಯಾಧಿಯು ಎಷ್ಟೋ ದಿನಗಳಿಂದ ಬೆಳೆದಿರಬಹುದು. ಇದಕ್ಕೆ ಉಪಾಯ ಒಂದೇ: ಹಕ್ಕಿಯು ಸ್ವಸ್ಥವಾಗಿರುವಾಗ ಅದರ ದಿನಚರಿಯನ್ನು ಚೆನ್ನಾಗಿ ಕಂಡಿಟ್ಟುಕೊಳ್ಳುವುದು. ವಾಡಿಕೆಯನ್ನು ಬಲ್ಲವನಿಗೆ ಮಾತ್ರ ವ್ಯತ್ಯಾಸವು ತಿಳಿಯುವುದು.

ಮೊದಲು ಭಯಪಡಬೇಕಾಗಿಲ್ಲದ ಸಂಗತಿಗಳನ್ನು ಹೇಳುವೆವು. ಹೊಸ ಮನೆಗೆ ಬಂದ ಹಕ್ಕಿಯು ಎರಡು ಮೂರು ದಿನ ಮೌನವಾಗಿ ಪಂಜರದ ಮೂಲೆಯಲ್ಲಿ ಕುಳಿತಿರುವುದು ಸಹಜ. ಒಂದು ಕಾಲನ್ನು ಗರಿಗಳೊಳಗೆ ಮಡಿಸಿಕೊಂಡು ನಿಲ್ಲುವುದು, ಬೆನ್ನಿನ ಗರಿಗಳಲ್ಲಿ ತಲೆಯಿಟ್ಟು ನಿದ್ರಿಸುವುದು, ನಿದ್ರೆಗೆ ಮುಂಚೆ ಕೊಕ್ಕನ್ನು ಕರಕರನೆ ಮಸೆಯುವುದು, ಇವೆಲ್ಲ ನೆಮ್ಮದಿಯ ಗುರುತುಗಳು. ಮೈಗರಿಗಳನ್ನು ಒಮ್ಮೆ ಉಬ್ಬಿಸಿ ಕೊಡವಿಕೊಳ್ಳುವುದೂ, ಎಲ್ಲೋ ಒಂದು ಸಲ ಸೀನುವುದೂ, ಕಾಲಕಾಲಕ್ಕೆ ಹಳೆಯ ಗರಿಗಳನ್ನುದುರಿಸಿ ಹೊಸವನ್ನು ತಳೆಯುವುದೂ ಸ್ವಭಾವವೇ. ಗರಿಯುದುರಿ ಬರಿಯ ಚರ್ಮವು ಕಂಡರೆ ಮಾತ್ರ ವಿಚಾರಿಸತಕ್ಕದ್ದು.

ಇನ್ನು ಕೇಡಿನ ಚಿಹ್ನೆಗಳು. ಹಕ್ಕಿಯ ಮೈಶಾಖವು ಸುಮಾರು 41 ಡಿಗ್ರಿ ಸೆಂಟಿಗ್ರೇಡ್. ಅದನ್ನು ಕಾಪಾಡಿಕೊಳ್ಳಲು ಶಕ್ತಿ ಸಾಲದೆ ಹೋದಾಗ ಹಕ್ಕಿಯು ಗರಿಗಳನ್ನುಬ್ಬಿಸಿ ಚೆಂಡಿನಂತೆ ಕೂರುತ್ತದೆ. ಹಗಲೆಲ್ಲ ಹೀಗೆ ಕುಳಿತು, ಎರಡು ಕಾಲನ್ನೂ ಊರಿ ತೂಕಡಿಸುತ್ತಿದ್ದರೆ ಅದು ರೋಗವೆಂದೇ ತಿಳಿಯತಕ್ಕದ್ದು. ಸುಮ್ಮನೆ ಕುಳಿತಿರುವಾಗಲೂ ಪ್ರತಿ ಉಸಿರಿಗೆ ಬಾಲವು ಮೇಲೆ ಕೆಳಗೆ ಆಡುವುದು, ಬಾಯಿತೆರೆದು ಉಸಿರಾಡುವುದು, ಕೂರುವ ಕೋಲನ್ನು ಬಿಟ್ಟು ಪಂಜರದ ತಳದಲ್ಲಿ ಬಿದ್ದಿರುವುದು, ರಕ್ತ ಸೋರುವುದು, ಹೆಣ್ಣು ಹಕ್ಕಿಯು ಮೊಟ್ಟೆಯಿಡಲಾರದೆ ಮುಕ್ಕುವುದು: ಇವುಗಳಲ್ಲಿ ಯಾವೊಂದು ಕಂಡರೂ ನಾಳೆಗೆ ಮುಂದೂಡದೆ ಆ ದಿನವೇ ವೈದ್ಯರಲ್ಲಿಗೆ ಕೊಂಡೊಯ್ಯಬೇಕು.

ಪ್ರತಿದಿನವೂ ಪಂಜರದ ತಳಕ್ಕೆ ಬಿಳಿಯ ಕಾಗದವನ್ನು ಹಾಸಿದರೆ ಹಿಕ್ಕೆಯ ಪರೀಕ್ಷೆಯು ಸುಲಭ. ಸ್ವಸ್ಥ ಹಿಕ್ಕೆಯಲ್ಲಿ ಮೂರು ಭಾಗಗಳುಂಟು: ಹಸುರು ಅಥವಾ ಕಂದುಬಣ್ಣದ ಮಲ, ಬಿಳಿಯ ಸುಣ್ಣದಂತಹ ಭಾಗ, ತಿಳಿನೀರು. ಹಣ್ಣು ತಿಂದ ದಿನ ನೀರು ಹೆಚ್ಚುವುದೂ, ಬೀಟ್‌ರೂಟ್ ತಿಂದ ದಿನ ಕೆಂಪಾಗುವುದೂ, ಪ್ರಯಾಣದ ಹೆದರಿಕೆಯಿಂದ ತೆಳುವಾಗುವುದೂ ದೋಷವಲ್ಲ. ಆದರೆ ಬಿಳಿಯ ಭಾಗವು ಹಳದಿ ಅಥವಾ ಹಸುರಾದರೆ, ಮಲವು ಕೀಲಿನಂತೆ ಕಪ್ಪಾದರೆ, ಕಾಳು ಜೀರ್ಣವಾಗದೆ ಬಂದರೆ, ಅಥವಾ ಹಿಕ್ಕೆಯ ಸಂಖ್ಯೆಯೇ ಬಹಳ ತಗ್ಗಿದರೆ ಎಚ್ಚರ ವಹಿಸಬೇಕು.

ಆಹಾರದ ವಿಷಯದಲ್ಲಿ ಒಂದು ಮೋಸವುಂಟು. ನವಣೆಯನ್ನು ಸುಲಿದು ತಿರುಳನ್ನು ತಿಂದ ಮೇಲೆ ಹಕ್ಕಿಯು ಹೊಟ್ಟನ್ನು ಬಟ್ಟಲಿನಲ್ಲಿಯೇ ಬಿಡುತ್ತದೆ. ನೋಡುವವರಿಗೆ ಬಟ್ಟಲು ತುಂಬಿದಂತೆ ತೋರುವುದು; ಹಕ್ಕಿಯು ಉಪವಾಸವಿರುವುದು. ದಿನವೂ ಹೊಟ್ಟನ್ನು ಊದಿ ತೆಗೆದು ಹೊಸ ಕಾಳನ್ನು ಹಾಕಬೇಕು.

ಎಲ್ಲಕ್ಕಿಂತ ಮೊದಲು ಸತ್ಯವನ್ನು ನುಡಿಯುವುದು ತಕ್ಕಡಿ. ಗ್ರಾಂ ತೋರಿಸುವ ಅಡುಗೆಮನೆಯ ಸಣ್ಣ ತಕ್ಕಡಿಯೇ ಸಾಕು. ಬೆಳಿಗ್ಗೆ ಆಹಾರಕ್ಕೆ ಮುಂಚೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಬಡ್ಜರಿಗಾರ್ ಸಾಮಾನ್ಯವಾಗಿ 30ರಿಂದ 40 ಗ್ರಾಂ, ಕಾಕಟೀಲ್ 80ರಿಂದ 100 ಗ್ರಾಂ ತೂಗುತ್ತದೆ. ಇದರಲ್ಲಿ ಹತ್ತನೆಯ ಒಂದು ಪಾಲು ಇಳಿದರೆ ಗಂಡಾಂತರವೆಂದು ಭಾವಿಸತಕ್ಕದ್ದು. 35 ಗ್ರಾಂ ಹಕ್ಕಿಗೆ ಅದು ಮೂರೂವರೆ ಗ್ರಾಂ ಮಾತ್ರ. ಗರಿಗಳ ಮರೆಯಲ್ಲಿ ಕಣ್ಣಿಗೆ ಎಂದಿಗೂ ಕಾಣದು.

ಗೃಹಿಣಿಯರು ತಿಳಿದಿರಬೇಕಾದ ಮತ್ತೊಂದು ಅಪಾಯವುಂಟು. ನಾನ್‌ಸ್ಟಿಕ್ ಬಾಣಲೆಯನ್ನು ಬರಿದಾಗಿ ಒಲೆಯ ಮೇಲೆ ಮರೆತು ಅತಿಯಾಗಿ ಕಾಯಿಸಿದರೆ ಅದರಿಂದೇಳುವ ವಿಷದ ಆವಿಯು ಗಿಳಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲುದು. ಪಂಜರವನ್ನು ಅಡುಗೆಮನೆಯಿಂದಲೂ, ಸಾಂಬ್ರಾಣಿ, ಊದುಬತ್ತಿ, ಸೊಳ್ಳೆಬತ್ತಿಗಳ ಹೊಗೆಯಿಂದಲೂ ದೂರವಿಡಿ. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ ಇವು ಹಕ್ಕಿಗೆ ವಿಷ.

ಹಕ್ಕಿಯ ಕಾಯಿಲೆಯು ಹಕ್ಕಿಯಲ್ಲಿಯೇ ನಿಲ್ಲುವುದೆಂದೂ ತಿಳಿಯಬಾರದು. 1929–30ರಲ್ಲಿ ದಕ್ಷಿಣ ಅಮೆರಿಕದಿಂದ ಸಾಗಿಸಿದ ಗಿಳಿಗಳ ಮೂಲಕ ಸಿಟ್ಟಕೋಸಿಸ್ ಎಂಬ ಗಿಳಿಜ್ವರವು ಅಮೆರಿಕ, ಯೂರೋಪು ಖಂಡಗಳ ಮನೆಗಳಿಗೆ ಹರಡಿ ಅನೇಕರ ಪ್ರಾಣ ತೆಗೆಯಿತು. ಇಂದು ಅದಕ್ಕೆ ಗುಣಕಾರಿಯಾದ ಔಷಧವುಂಟು. ಆದರೂ ಒಣಗಿದ ಹಿಕ್ಕೆಯನ್ನು ಗುಡಿಸದೆ, ನೀರು ಚಿಮುಕಿಸಿ ಒರೆಸಿ, ಕೈತೊಳೆಯುವುದು ಕ್ಷೇಮ. ಮನೆಯವರಿಗೆ ಜ್ವರವೂ ಒಣಕೆಮ್ಮೂ ಬಂದರೆ, ಮನೆಯಲ್ಲಿ ಗಿಳಿಯಿರುವುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಮನೆಯಲ್ಲಿ ಮೊದಲೇ ಹಕ್ಕಿಗಳಿದ್ದರೆ ಹೊಸ ಹಕ್ಕಿಯನ್ನು ಕಡಿಮೆಯೆಂದರೆ ಒಂದು ತಿಂಗಳು ಬೇರೆ ಕೋಣೆಯಲ್ಲಿರಿಸುವುದು ಒಳ್ಳೆಯದು.

ಕಾಯಿಲೆಯೆಂದು ತೋರಿದಾಗ ಮನೆಯಲ್ಲಿ ಮಾಡತಕ್ಕುದು ಸ್ವಲ್ಪವೇ: ಗಾಳಿ ಬೀಸದ, ಮಬ್ಬುಬೆಳಕಿನ, ಸುಮಾರು 30 ಡಿಗ್ರಿ ಬೆಚ್ಚಗಿರುವ ಸ್ಥಳದಲ್ಲಿ ಹಕ್ಕಿಯನ್ನಿಟ್ಟು, ನೀರನ್ನೂ ಕಾಳನ್ನೂ ಹತ್ತಿರವಿರಿಸುವುದು. ಎಣ್ಣೆ, ಬ್ರಾಂದಿ, ಮನುಷ್ಯರ ಮಾತ್ರೆ ಇವನ್ನು ಬಾಯಿಗೆ ಹಾಕಲೇಬಾರದು. ಆ ದಿನದ ಹಿಕ್ಕೆಯ ಕಾಗದವನ್ನೂ ತೂಕದ ಲೆಕ್ಕವನ್ನೂ ವೈದ್ಯರಲ್ಲಿಗೆ ಒಯ್ಯಿರಿ. ನಾಯಿ ಬೆಕ್ಕುಗಳ ವೈದ್ಯರೆಲ್ಲರಿಗೂ ಹಕ್ಕಿಗಳ ಅನುಭವವಿರುವುದಿಲ್ಲ. ಆದುದರಿಂದ ಹಕ್ಕಿಯನ್ನು ತಂದ ವಾರದಲ್ಲಿಯೇ ಅಂತಹ ವೈದ್ಯರೊಬ್ಬರನ್ನು ವಿಚಾರಿಸಿ, ಒಮ್ಮೆ ತೋರಿಸಿಬರುವುದು ಜಾಣತನ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದರಿಂದ ಫಲವಿಲ್ಲ.

ಹಕ್ಕಿಯು ತನ್ನ ನೋವನ್ನು ಹೇಳಿಕೊಳ್ಳಲಾರದು. ದಿನಕ್ಕೆ ಐದು ನಿಮಿಷ ಕಾಗದವನ್ನೂ ಬಟ್ಟಲನ್ನೂ ತಕ್ಕಡಿಯನ್ನೂ ನೋಡುವ ಮನೆಯಲ್ಲಿ ಅದು ಹೇಳಬೇಕಾಗಿಯೂ ಇಲ್ಲ.