ಕೈಪಿಡಿಗೂ ಒಂದು ವಿಳಾಸ ಬೇಕು

ಬೆಂಗಳೂರಿನ ಶ್ರೀಗಂಧದ ಕಾವಲ್, ಮಲ್ಲತ್ತಹಳ್ಳಿ, ನಾಗರಭಾವಿ ಸುತ್ತಮುತ್ತಲ ಬಾಡಿಗೆ ಕೋಣೆಗಳಲ್ಲಿ ಉಳಿದು ಇಂಜಿನಿಯರಿಂಗ್ ಓದುವ ಮಕ್ಕಳು ಲಿನಕ್ಸ್ ಲ್ಯಾಬಿನಲ್ಲಿ ಮೊದಮೊದಲು ಕಲಿಯುವ ಕಮಾಂಡುಗಳಲ್ಲಿ 'ಮ್ಯಾನ್' ಒಂದು. ಕಪ್ಪು ಪರದೆಯ ಮೇಲೆ 'ಮ್ಯಾನ್ ಎಲ್‌ಎಸ್' ಎಂದು ಬರೆದು ಎಂಟರ್ ಒತ್ತಿದರೆ ಸಾಕು, ಎಲ್‌ಎಸ್ ಎಂಬ ಕಮಾಂಡಿನ ಪೂರ್ತಿ ವಿವರವುಳ್ಳ ಕೈಪಿಡಿ ಪುಟ ಇಂಟರ್‌ನೆಟ್ಟಿನ ಹಂಗಿಲ್ಲದೆ ತೆರೆದುಕೊಳ್ಳುತ್ತದೆ. ಆದರೆ ಅದೇ ವಿದ್ಯಾರ್ಥಿ ತಾನೇ ಇಳಿಸಿಕೊಂಡು ಕಂಪೈಲ್ ಮಾಡಿದ ತಂತ್ರಾಂಶದ ಹೆಸರು ಕೊಟ್ಟಾಗ ಎಷ್ಟೋ ಸಲ ಅಂಥ ಕೈಪಿಡಿಯೇ ಇಲ್ಲವೆಂಬ ಉತ್ತರ ಬರುತ್ತದೆ. ಕೈಪಿಡಿ ಅದೇ ಗಣಕದೊಳಗೆ ಎಲ್ಲೋ ಇರುತ್ತದೆ. ಮ್ಯಾನ್ ಹುಡುಕುವ ಜಾಗದಲ್ಲಿ ಮಾತ್ರ ಇರುವುದಿಲ್ಲ.

ಈ ಕೈಪಿಡಿಗಳ ವಂಶ ಹಳೆಯದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಬರೆದ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲೆ 1971ರ ನವೆಂಬರ್ 3ರ ತಾರೀಕಿದೆ. ಆಗ ಅದು ಕಾಗದದ ಪುಸ್ತಕ. ಅಂದಿನ ವಿಭಾಗಗಳ ಕ್ರಮವೇ ಬೆಳೆದು ಇಂದಿನ ಎಂಟು ವಿಭಾಗಗಳಾಗಿದೆ: ಒಂದನೆಯದರಲ್ಲಿ ಬಳಕೆದಾರರ ಕಮಾಂಡುಗಳು, ಮೂರನೆಯದರಲ್ಲಿ ಪ್ರೋಗ್ರಾಮರುಗಳಿಗೆ ಬೇಕಾದ ಲೈಬ್ರರಿ ಫಂಕ್ಷನ್‌ಗಳು, ಆರನೆಯದರಲ್ಲಿ ಆಟಗಳು, ಎಂಟನೆಯದರಲ್ಲಿ ವ್ಯವಸ್ಥೆ ನೋಡಿಕೊಳ್ಳುವವರ ಕಮಾಂಡುಗಳು. 'ಪ್ರಿಂಟ್‌ಎಫ್' ಎಂಬ ಹೆಸರಿನ ಪುಟ ಒಂದರಲ್ಲೂ ಇದೆ, ಮೂರರಲ್ಲೂ ಇದೆ. ಹಾಗಾಗಿ ಸಿ ಭಾಷೆ ಕಲಿಯುವವರು 'ಮ್ಯಾನ್ 3 ಪ್ರಿಂಟ್‌ಎಫ್' ಎಂದೇ ಕೇಳಬೇಕು.

ಬಹುಕಾಲ ಈ ಪುಟಗಳೆಲ್ಲ '/ಯುಎಸ್‌ಆರ್/ಮ್ಯಾನ್' ಎಂಬ ಫೋಲ್ಡರಿನಲ್ಲಿದ್ದವು. ಕೈಪಿಡಿಯ ಪಠ್ಯ ಯಾವ ಪ್ರೊಸೆಸರ್ ಇದ್ದರೂ ಒಂದೇ. ನೆಟ್‌ವರ್ಕಿನಲ್ಲಿರುವ ಹತ್ತಾರು ಬಗೆಯ ಯಂತ್ರಗಳಿಗೆ ಒಂದೇ ಪ್ರತಿ ಹಂಚಬಹುದು. ಈ ಕಾರಣಕ್ಕೆ ಲಿನಕ್ಸ್ ಲೋಕ 1990ರ ದಶಕದ ಕೊನೆಯ ಹೊತ್ತಿಗೆ ಅವನ್ನು '/ಯುಎಸ್‌ಆರ್/ಶೇರ್/ಮ್ಯಾನ್'ಗೆ ಸಾಗಿಸತೊಡಗಿತು. ಬೆಂಗಳೂರಿನ ಮನೆಗಳಿಗೆ ಹಳೇ ನಂಬರ್, ಹೊಸ ನಂಬರ್ ಎಂದು ಎರಡೆರಡು ಇದ್ದಂತೆ ಕೆಲಕಾಲ ಎರಡು ವಿಳಾಸಗಳೂ ಚಾಲ್ತಿಯಲ್ಲಿದ್ದವು.

ಲಿನಕ್ಸ್ ಬಿಟ್ಟು ಯುನಿಕ್ಸ್ ಮಾದರಿಯ ಬೇರೆ ವ್ಯವಸ್ಥೆಗಳಿಗೆ ಕಾಲಿಟ್ಟರೆ ವಿಳಾಸಗಳು ಇನ್ನೂ ಹೆಚ್ಚುತ್ತವೆ. ಓಪನ್‌ಬಿಎಸ್‌ಡಿಯಲ್ಲಿ ಮೇಲಿಂದ ಹಾಕಿಕೊಂಡ ತಂತ್ರಾಂಶಗಳ ಕೈಪಿಡಿ '/ಯುಎಸ್‌ಆರ್/ಲೋಕಲ್/ಮ್ಯಾನ್'ನಲ್ಲಿರುತ್ತದೆ, ನಡುವೆ 'ಶೇರ್' ಇಲ್ಲ. ನೆಟ್‌ಬಿಎಸ್‌ಡಿಯಲ್ಲಿ ಅದು '/ಯುಎಸ್‌ಆರ್/ಪಿಕೆಜಿ/ಮ್ಯಾನ್'. ಆಪಲ್‌ನ ಮ್ಯಾಕ್ ಗಣಕಗಳಲ್ಲಿ 2015ರಿಂದ ವ್ಯವಸ್ಥೆಯದೇ ಆದ '/ಯುಎಸ್‌ಆರ್/ಶೇರ್'ಗೆ ಅಡ್ಮಿನ್ ಕೂಡ ಬರೆಯುವಂತಿಲ್ಲ. ಹೋಮ್‌ಬ್ರೂ ಎಂಬ ಪ್ಯಾಕೇಜ್ ಸಲಕರಣೆಯ ಮೂಲಕ ಹಾಕಿದ್ದು ಹೊಸ ಚಿಪ್ಪಿನ ಮ್ಯಾಕ್‌ಗಳಲ್ಲಿ '/ಆಪ್ಟ್/ಹೋಮ್‌ಬ್ರೂ/ಶೇರ್/ಮ್ಯಾನ್'ಗೆ ಹೋಗುತ್ತದೆ. ಸೋಲಾರಿಸ್‌ನಲ್ಲಿ ವಿಭಾಗದ ಸಂಖ್ಯೆಯೇ ಬೇರೆ ಇತ್ತು. ಬೇರೆಡೆ ಎಂಟನೆಯ ವಿಭಾಗದಲ್ಲಿರುವ ಪುಟಗಳು ಅಲ್ಲಿ '1ಎಂ' ಆಗಿದ್ದವು. 2018ರಲ್ಲಿ ಬಂದ 11.4ನೇ ಆವೃತ್ತಿಯಲ್ಲಷ್ಟೇ ಅದು ಬದಲಾಯಿತು.

ಹೀಗಿರುವಾಗ ತಂತ್ರಾಂಶ ಬರೆಯುವವರು ತಮ್ಮ ಲ್ಯಾಪ್‌ಟಾಪಿನಲ್ಲಿ ಕಂಡ ದಾರಿಯನ್ನೇ ಖಾಯಂ ಎಂದು ಬರೆದಿಟ್ಟರೆ, ಕೈಪಿಡಿ ಬರೆದ ಶ್ರಮವೆಲ್ಲ ಬೇರೆ ಗಣಕದಲ್ಲಿ ವ್ಯರ್ಥ. ಇದಕ್ಕೆ ಸಲಕರಣೆಗಳು ಎಂದೋ ಸಿದ್ಧವಾಗಿವೆ. ಗ್ನೂ ಆಟೊಕಾನ್ಫ್ ಬಳಸುವ ತಂತ್ರಾಂಶಗಳಲ್ಲಿ 'ಪ್ರಿಫಿಕ್ಸ್' ಎಂಬ ಆಯ್ಕೆ ಒಟ್ಟಾರೆ ಜಾಗವನ್ನೂ 'ಮ್ಯಾನ್‌ಡಿರ್' ಎಂಬ ಆಯ್ಕೆ ಕೈಪಿಡಿಯ ಜಾಗವನ್ನೂ ಹೇಳುತ್ತವೆ. ಏನೂ ಹೇಳದಿದ್ದರೆ ಆಟೊಕಾನ್ಫ್ '/ಯುಎಸ್‌ಆರ್/ಲೋಕಲ್' ಒಳಗಿನ 'ಶೇರ್/ಮ್ಯಾನ್' ಹಿಡಿಯುತ್ತದೆ. 2006ರಲ್ಲಿ ಬಂದ 2.60ನೇ ಆವೃತ್ತಿಗೆ ಮುಂಚೆ 'ಶೇರ್' ಇಲ್ಲದ ಬರೀ 'ಮ್ಯಾನ್' ಹಿಡಿಯುತ್ತಿತ್ತು. ಹಾಗಾಗಿ ಹಳೆಯ ತಂತ್ರಾಂಶಗಳ ಪುಟಗಳು ಇವತ್ತಿಗೂ '/ಯುಎಸ್‌ಆರ್/ಲೋಕಲ್/ಮ್ಯಾನ್'ನಲ್ಲಿ ಸಿಗುವುದುಂಟು. ಇಂಥದೇ ಸಲಕರಣೆಯಾದ ಮೆಸನ್‌ನಲ್ಲೂ 'ಮ್ಯಾನ್‌ಡಿರ್' ಆಯ್ಕೆಯಿದೆ; ಮತ್ತೊಂದಾದ ಸಿಮೇಕ್‌ನಲ್ಲಿ ಇದೇ ಕೆಲಸಕ್ಕೊಂದು ಸಿದ್ಧ ಮಾಡ್ಯೂಲ್ ಇದೆ.

ಹುಡುಕುವ ಕಡೆಯ ಜಾಣ್ಮೆಯೂ ಮೆಚ್ಚುವಂಥದ್ದು. ಉಬುಂಟು, ಫೆಡೋರಾ ಲಿನಕ್ಸ್‌ಗಳಲ್ಲಿ ಮ್ಯಾನ್ ಕಮಾಂಡನ್ನು ಒದಗಿಸುವ 'ಮ್ಯಾನ್-ಡಿಬಿ' ಮೊದಲು ಕಮಾಂಡುಗಳಿರುವ ಫೋಲ್ಡರುಗಳ ಪಟ್ಟಿಯಾದ 'ಪಾತ್' ನೋಡುತ್ತದೆ. ಅಲ್ಲಿ ಒಂದು 'ಬಿನ್' ಫೋಲ್ಡರ್ ಕಂಡರೆ ಅದರ ಪಕ್ಕದಲ್ಲೇ 'ಶೇರ್/ಮ್ಯಾನ್' ಅಥವಾ 'ಮ್ಯಾನ್' ಇದೆಯೇ ಎಂದು ಇಣುಕುತ್ತದೆ. ಆದ್ದರಿಂದ ಒಬ್ಬ ವಿದ್ಯಾರ್ಥಿನಿ ತನ್ನ ಹೋಮ್ ಫೋಲ್ಡರಿನೊಳಗೆ ತಂತ್ರಾಂಶ ಹಾಕಿಕೊಂಡು ಅದರ 'ಬಿನ್' ಅನ್ನು ಪಾತ್‌ಗೆ ಸೇರಿಸಿದರೆ ಕೈಪಿಡಿಯೂ ತಾನಾಗಿ ಸಿಗುತ್ತದೆ. ಸಿಗದಿದ್ದರೆ 'ಮ್ಯಾನ್‌ಪಾತ್' ಎಂಬ ಕಮಾಂಡ್ ಯಾವ ಯಾವ ಕಡೆ ಹುಡುಕಾಟ ನಡೆಯುತ್ತಿದೆಯೆಂದು ತೋರಿಸುತ್ತದೆ. ಅದೇ ಹೆಸರಿನ, ದೊಡ್ಡಕ್ಷರದ ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಹೊಸ ಜಾಗ ಸೇರಿಸಬಹುದು. ಆದರೆ ಆರಂಭದಲ್ಲೋ ಕೊನೆಯಲ್ಲೋ ಒಂದು ಕೋಲನ್ ಚಿಹ್ನೆ ಇಡಬೇಕು. ಅದನ್ನು ಮರೆತರೆ ಮಾಮೂಲಿ ಜಾಗಗಳೆಲ್ಲ ಪಟ್ಟಿಯಿಂದ ಬಿದ್ದುಹೋಗಿ, ನಿನ್ನೆವರೆಗೆ ಸಿಗುತ್ತಿದ್ದ ಪುಟಗಳೂ ಕಾಣೆಯಾಗುತ್ತವೆ.

ಕನ್ನಡಿಗರು ಗಮನಿಸಬೇಕಾದ ಸಂಗತಿ ಇಲ್ಲೇ ಇದೆ. ಗಣಕದ ಭಾಷೆಯನ್ನು ಕನ್ನಡಕ್ಕೆ ಇಟ್ಟರೆ ಮ್ಯಾನ್-ಡಿಬಿ ಪ್ರತಿ ಜಾಗದಲ್ಲೂ ಮೊದಲು 'ಕೆಎನ್' ಎಂಬ ಒಳಫೋಲ್ಡರ್ ಹುಡುಕುತ್ತದೆ, ಅಲ್ಲಿ ಪುಟ ಇಲ್ಲದಿದ್ದರಷ್ಟೇ ಇಂಗ್ಲಿಷಿಗೆ ಹೋಗುತ್ತದೆ. ಜರ್ಮನ್, ಫ್ರೆಂಚ್, ಜಪಾನಿ ಭಾಷೆಗಳಿಗೆ ಡೆಬಿಯನ್ ಲಿನಕ್ಸ್‌ನಲ್ಲಿ ಕೈಪಿಡಿ ಅನುವಾದಗಳ ಪ್ರತ್ಯೇಕ ಪ್ಯಾಕೇಜುಗಳೇ ಇವೆ. ಆ ಸಾಲಿನಲ್ಲಿ ಕನ್ನಡವಿಲ್ಲ. ಗ್ನೋಮ್, ಕೆಡಿಇ ಡೆಸ್ಕ್‌ಟಾಪುಗಳ ಮೆನುಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರು ನಮ್ಮಲ್ಲಿದ್ದಾರೆ, 'ನುಡಿ' ತಂತ್ರಾಂಶ ರೂಪಿಸಿದ ಕನ್ನಡ ಗಣಕ ಪರಿಷತ್ತೂ ಇದೆ. ಆದರೆ ಕೈಪಿಡಿಯ ಮನೆ ಖಾಲಿ ಬಿದ್ದಿದೆ. ಟರ್ಮಿನಲ್‌ನಲ್ಲಿ ಕನ್ನಡದ ಒತ್ತಕ್ಷರಗಳು ನೆಟ್ಟಗೆ ಕೂರುವುದಿಲ್ಲ ಎಂಬ ತೊಡಕು ನಿಜ. ಓದುಗರೇ ಇಲ್ಲದ ಕಡೆ ಅದನ್ನು ಸರಿಪಡಿಸುವ ಒತ್ತಡವೂ ಹುಟ್ಟುವುದಿಲ್ಲ.

ಲಿನಕ್ಸ್ ಬಳಸುವ ಓದುಗರು ಒಂದು ಚಿಕ್ಕ ಕಮಾಂಡಿನ ಪುಟವನ್ನು ಕನ್ನಡದಲ್ಲಿ ಬರೆದು '/ಯುಎಸ್‌ಆರ್/ಲೋಕಲ್/ಶೇರ್/ಮ್ಯಾನ್/ಕೆಎನ್/ಮ್ಯಾನ್1' ಎಂಬಲ್ಲಿ ಇಟ್ಟು ನೋಡಲಿ. ಸರಿಯಾಗಿ ಬಂದರೆ ಅಲ್ಲಿಗೇ ನಿಲ್ಲಿಸದೆ ಆ ತಂತ್ರಾಂಶ ಬರೆದವರಿಗೂ ಕಳಿಸಿಕೊಡಲಿ.